ಇಥಿಯೋಪಿಯಾದಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ಅಲ್ಲಿನ ಊಟದ ರೀತಿ ಹೇಗೆ?

ಧಾರಾಳವಾಗಿ ಸಿಗುತ್ತದೆ, ಅದರಲ್ಲೂ ಬುಧವಾರ ಮತ್ತು ಶುಕ್ರವಾರ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಆ ಎರಡು ದಿನ ಉಪವಾಸ: ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚಿನ 55 ದಿನವೂ ಹಾಗೆಯೇ. ಹೋಟೆಲಿನಲ್ಲಿ ‘ಯೆತ್ಸೋಮ್ ಬೆಯೈನೆತು’ ಎಂದು ಕೇಳಿ. ಅಗಲವಾದ ತಟ್ಟೆಗೆ ಇಂಜೆರ ಹಾಸಿ, ಮೇಲೆ ಖಾರದ ಮಸೂರ ಬೇಳೆ, ಅರಿಸಿನ ಹಾಕಿದ ಬಟಾಣಿ ಬೇಳೆ, ಎಲೆಕೋಸು, ಸೊಪ್ಪು ಗುಡ್ಡೆಗುಡ್ಡೆಯಾಗಿ ಬಡಿಸಿ ತರುತ್ತಾರೆ.

ಇಂಜೆರ ಎಂದರೆ ಟೆಫ್ ಎಂಬ ಪುಟ್ಟ ಧಾನ್ಯದ ಹಿಟ್ಟನ್ನು ಎರಡು-ಮೂರು ದಿನ ಹುಳಿ ಬರಿಸಿ, ಒಂದೇ ಬದಿ ಬೇಯಿಸಿದ್ದು. ಸೆಟ್ ದೋಸೆಯಷ್ಟೇ ಮೆತ್ತಗೆ, ಮೇಲೆಲ್ಲ ತೂತು. ಹುಳಿ ಮಾತ್ರ ಜೋರು. ಬಲಗೈಯಲ್ಲಿ ಚೂರು ಹರಿದು, ಅದರಿಂದಲೇ ಪಲ್ಯ ಹಿಡಿದು ತಿನ್ನಬೇಕು. ತಟ್ಟೆ ಎಲ್ಲರದೂ, ಕೈ ಹಾಕುವುದು ನಿಮ್ಮ ಎದುರಿನ ಭಾಗಕ್ಕಷ್ಟೇ. ರಸ ಹೀರಿಕೊಂಡ ತಳದ ಇಂಜೆರವೇ ನಿಜವಾದ ರುಚಿ, ಬಿಡಬೇಡಿ.

ಎಡವಟ್ಟಾಗುವುದು ಶಿರೋ ವಿಷಯದಲ್ಲಿ. ಅದು ಕಡಲೆ ಹಿಟ್ಟಿನ ಗೊಜ್ಜೇ, ಆದರೆ ಉಪವಾಸವಲ್ಲದ ದಿನ ಮಸಾಲೆ ತುಪ್ಪ ಬೀಳಬಹುದು. ‘ಬೊಜೆನಾ ಶಿರೋ’ದಲ್ಲಂತೂ ಮಾಂಸವೇ ಇರುತ್ತದೆ. ಉಪವಾಸದ ದಿನ ಮೀನು ತಿನ್ನುವವರೂ ಇದ್ದಾರೆ, ಕೇಳಿಕೊಳ್ಳಿ.

ಜೊತೆಗಿದ್ದವರು ತುತ್ತು ಮಾಡಿ ಬಾಯಿಗಿಟ್ಟರೆ ಗಾಬರಿ ಬೇಡ. ಅದು ‘ಗುರ್ಶಾ’, ಪ್ರೀತಿಯ ಉಪಚಾರ. ಬೇಡ ಎಂದರೆ ಬೇಜಾರಾಗುತ್ತಾರೆ.

ಮನೆಗೆ ಕಾಫಿಗೆ ಕರೆದರೆ ಪುರುಸೊತ್ತು ಮಾಡಿಕೊಂಡು ಹೋಗಿ. ಹಸಿ ಬೀಜ ಹುರಿಯುವುದರಿಂದ ಶುರುವಾಗಿ ಮೂರು ಸುತ್ತು ಕೊಡುತ್ತಾರೆ. ಸಮಯ ಮಾತ್ರ ಖಚಿತಪಡಿಸಿಕೊಳ್ಳಿ: ಅಲ್ಲಿ ಎಣಿಕೆ ಸೂರ್ಯೋದಯದಿಂದ, ಬೆಳಗಿನ ‘ಮೂರು ಗಂಟೆ’ ಎಂದರೆ ನಮ್ಮ ಲೆಕ್ಕದ ಒಂಬತ್ತು.