ಮೆಣಸಿನಕಾಯಿ ಕೋಲ್ಡ್ ರೂಮಿಗೆ ಚಳಿದೇಶದ ಗ್ಯಾರೇಜ್ ಬಾಗಿಲು ಹಾಕಬಹುದಾ?

ಸಿರುಗುಪ್ಪದ ಹತ್ತಿರ 20×15 ಅಡಿಯ ಕೋಲ್ಡ್ ರೂಮ್, ಒಳಗೆ ಒಣಮೆಣಸಿನಕಾಯಿ ಚೀಲ. ಕೆನಡಾದಲ್ಲಿ ಮೈನಸ್ 30 ಡಿಗ್ರಿ ಚಳಿಯನ್ನೇ ತಡೆಯುವ, ಮೇಲಕ್ಕೆ ಸರಿಯುವ ಗ್ಯಾರೇಜ್ ಬಾಗಿಲು ನಮ್ಮ ಬಿಸಿಲನ್ನ ತಡೆಯಲ್ಲವಾ, ಶಾಖ ತಡೆಯುವ ಲೆಕ್ಕದಲ್ಲಿ ಆರ್-12 ಸಾಕಾ, ಆರ್-18 ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಕುರುಗೋಡು ಕಡೆಯ ನಮ್ಮ ರೂಮಿಗೆ ಹಾಕಿಸಿದ್ದು ಇದೇ ಜಾತಿಯ ಬಾಗಿಲು, 8×8 ಅಡಿ. ಬೇಸಿಗೆ ಪೂರ್ತಿ ಥಂಡಿ ಚೆನ್ನಾಗೇ ನಿಂತಿತ್ತು. ಮುಂಗಾರು ಬಂದ ಮೇಲೆ ಬಾಗಿಲ ಪಕ್ಕದ ಎರಡು ಸಾಲು ಬ್ಯಾಡಗಿ ಚೀಲಕ್ಕೆ ಬೂಷ್ಟು ಹಿಡೀತು.

ತಪ್ಪು ಒಂದೇ: ಬಾಗಿಲನ್ನ ಆರ್ ಅನ್ನೋ ಒಂದು ನಂಬರ್ ನೋಡಿ ತಗೊಂಡದ್ದು. ಆ ನಂಬರ್ ಹೇಳೋದು ಹಲಗೆಯ ನಡುಭಾಗದಲ್ಲಿ ಶಾಖ ಎಷ್ಟು ನಿಧಾನ ದಾಟ್ತದೆ ಅನ್ನೋದನ್ನ ಮಾತ್ರ. ಅಂಚು, ಸಂದು, ಚೌಕಟ್ಟು, ಹೊಸ್ತಿಲು ಅದರ ಲೆಕ್ಕದಲ್ಲೇ ಇಲ್ಲ. ನಂಬರನ್ನೂ ನೀವೇ ತಾಳೆ ನೋಡಬಹುದು. ಪಿಯು (ಪಾಲಿಯುರೆಥೇನ್) ಫೋಮಿಗೆ ಇಂಚಿಗೆ 6ರಿಂದ 7 ಆರ್ ಹಿಡೀರಿ. ಎರಡಿಂಚಿನ ಬಾಗಿಲಿಗೆ 12ರಿಂದ 14 ಬರ್ತದೆ. ಎರಡಿಂಚಿಗೇ 18 ಅಂತ ಬರೆದಿದ್ದರೆ ಹೇಗೆ ಬಂತು ಅಂತ ಕೇಳಿ. ಥರ್ಮಾಕೋಲ್ ತುಂಬಿದ್ದಾದರೆ ಇಂಚಿಗೆ ಸುಮಾರು 4 ಅಷ್ಟೆ.

ಈಗ ಸಂದಿನ ಲೆಕ್ಕ. 8×8 ಅಡಿಯ ಗ್ಯಾರೇಜ್ ಬಾಗಿಲು ಎರಡೆರಡು ಅಡಿಯ ನಾಲ್ಕು ಪಟ್ಟಿಗಳದ್ದು. ಸುತ್ತಳತೆ 32 ಅಡಿ. ಪಟ್ಟಿಗಳ ನಡುವಿನ ಮೂರು ಸಂದು ತಲಾ 8 ಅಡಿ, ಅಂದ್ರೆ 24. ಒಟ್ಟು 56 ಅಡಿ ಉದ್ದಕ್ಕೂ ರಬ್ಬರ್ ಗಾಳಿ ತಡೀಬೇಕು. 3.5×7 ಅಡಿಯ ಒಂಟಿ ಹಲಗೆಯ ಕೋಲ್ಡ್ ರೂಮ್ ಬಾಗಿಲಿಗೆ ಅದು 21 ಅಡಿ. ಅದೂ ಅಲ್ಲದೆ ಗ್ಯಾರೇಜ್ ಬಾಗಿಲು ರೋಲರ್ ಮೇಲೆ ಟ್ರ್ಯಾಕಿನಲ್ಲಿ ಓಡಬೇಕು, ಓಡೋಕೆ ಸಡಿಲ ಬೇಕು. ಕೋಲ್ಡ್ ರೂಮ್ ಬಾಗಿಲನ್ನ ಲ್ಯಾಚ್ ಎಳೆದು ಗ್ಯಾಸ್ಕೆಟ್ (ಅಂಚಿನ ರಬ್ಬರ್) ಮೇಲೆ ಒತ್ತಿ ಕೂರಿಸ್ತದೆ. ಗ್ಯಾರೇಜ್ ಬಾಗಿಲಲ್ಲಿ ಆ ಒತ್ತು ಇಲ್ಲ.

ಸಣ್ಣ ಸಂದು ತಾನೆ ಅನ್ನಿಸಬಹುದು. 8 ಅಡಿ ಅಗಲದ ಬಾಗಿಲ ಕೆಳಗೆ 3 ಮಿಲಿಮೀಟರ್ ಬಿಟ್ಟರೆ ಅದು ಸುಮಾರು 73 ಚದರ ಸೆಂಟಿಮೀಟರ್, ಅಂದ್ರೆ ಗೋಡೆಗೆ ಎಂಟೂವರೆ ಸೆಂಟಿಮೀಟರ್ ಚೌಕದ ತೂತು ಕೊರೆದಂತೆ. ಥಂಡಿ ಗಾಳಿ ಭಾರ, ಕೆಳಗಿನ ಸಂದಿನಿಂದ ಹೊರಗೆ ಹರೀತದೆ. ಅಷ್ಟೇ ಹೊರಗಾಳಿ ಮೇಲಿನ ಸಂದಿನಿಂದ ಒಳಗೆ ಬರ್ತದೆ. ಬೇಸಿಗೆಯ ಒಣಗಾಳಿ ಬಂದರೆ ಕರೆಂಟ್ ಬಿಲ್ ಏರ್ತದೆ, ಮಾಲು ಉಳೀತದೆ. ಮಳೆಗಾಲದಲ್ಲಿ ಹಾಗಲ್ಲ. 28 ಡಿಗ್ರಿ, 75 ಶೇಕಡಾ ತೇವದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಿರ್ತದೆ. 5 ಡಿಗ್ರಿಗೆ ಇಳಿದರೆ ಅದು ಹಿಡಿದಿಟ್ಟುಕೊಳ್ಳೋದು 7 ಗ್ರಾಂ ಒಳಗೆ. ಉಳಿದದ್ದು ಥಂಡಿ ಮಾಡುವ ಕಾಯಿಲ್ ಮೇಲೆ ಐಸಾಗಿ, ಬಾಗಿಲ ಒಳಮೈ ಮೇಲೆ ಹನಿಯಾಗಿ, ಕಡೆಗೆ ಮೆಣಸಿನಕಾಯಿಯಲ್ಲಿ ಸೇರ್ತದೆ. ಚೀಲ ಕಟ್ಟುವಾಗ 10–11 ಶೇಕಡಾ ತೇವಾಂಶ ಇದ್ದ ಕಾಯಿ ನೀರು ಎಳಕೊಂಡು ಮೆತ್ತಗಾದರೆ ಬೂಷ್ಟಿಗೆ ದಾರಿ ಆಯ್ತು. ಬಣ್ಣ ಉಳಿಸೋಕೆ ಅಂತ ತಾನೆ ಇಷ್ಟು ಖರ್ಚು ಮಾಡಿ ಥಂಡಿಯಲ್ಲಿ ಇಡೋದು? ಬಣ್ಣವೇ ಮೊದಲು ಹೋಗ್ತದೆ.

ಕೆನಡಾದಲ್ಲಿ ಅದೇ ಬಾಗಿಲು ಸರಿ ಯಾಕೆ ಅಂದ್ರೆ ಅಲ್ಲಿ ಹೊರಗೆ ಚಳಿ, ಒಳಗೆ ಬೆಚ್ಚಗೆ. ತೇವ ಒಳಗಿನಿಂದ ಹೊರಗೆ ಹೋಗ್ತದೆ, ಹೊರಗಿನ ಗಾಳಿ ಒಣ. ಒಳಗಿರೋದು ಕಾರು. ಆ ಊರಿನವರು ನೋಡಬೇಕಾದದ್ದು ಬೇರೆ: ಒಳ ಹೊರ ತಗಡಿನ ನಡುವೆ ಶಾಖ ದಾಟದ ತಡೆ ಇದೆಯಾ, ಕೆಳಗಿನ ರಬ್ಬರ್ ಕೊರೆಯುವ ಚಳಿಯಲ್ಲಿ ಗಡುಸಾಗದೆ ಇರ್ತದಾ, ಬಾಗಿಲ ತೂಕಕ್ಕೆ ಸ್ಪ್ರಿಂಗ್ ಹೊಂದಿದೆಯಾ. ನಮ್ಮ ಮೆಣಸಿನಕಾಯಿ ರೂಮಿನಲ್ಲಿ ತೇವ ವರ್ಷಪೂರ್ತಿ ಹೊರಗಿನಿಂದ ಒಳಕ್ಕೆ ನುಗ್ತದೆ.

ದಪ್ಪದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. 3.5×7 ಅಡಿ ಬಾಗಿಲು, ಹೊರಗೆ 42 ಡಿಗ್ರಿ, ಒಳಗೆ 5. ಪಫ್ (ಅದೇ ಪಿಯು ಫೋಮ್) 60 ಮಿಲಿಮೀಟರ್ ಇದ್ದರೆ ಹಲಗೆ ಮೂಲಕ ಬರುವ ಶಾಖ ಸುಮಾರು 30 ವ್ಯಾಟ್, 100 ಮಿಲಿಮೀಟರ್ ಇದ್ದರೆ 19 ಆಸುಪಾಸು. ಉಳಿತಾಯ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಅದೇ ಬಾಗಿಲನ್ನ ಒಂದೇ ನಿಮಿಷ ಪೂರ್ತಿ ತೆರೆದಿಟ್ಟರೆ ಆ ಇಡೀ ದಿನದ ಉಳಿತಾಯಕ್ಕಿಂತ ಹೆಚ್ಚು ಶಾಖ ಒಳಗೆ ಬಂದಿರ್ತದೆ. ಹಮಾಲರು ಚೀಲ ಇಳಿಸುವಾಗ ಬಾಗಿಲಿಗೆ ಕಲ್ಲು ಒತ್ತಿಟ್ಟು ಅರ್ಧ ಗಂಟೆ ಬಿಡೋದನ್ನ ನೋಡಿದ್ದೀರಲ್ಲ, ಲೆಕ್ಕ ಹಾಕಿ. ದಪ್ಪಕ್ಕೆ ಸುರಿಯುವ ದುಡ್ಡನ್ನ ಪಿವಿಸಿ ಪಟ್ಟಿ ಪರದೆಗೆ ಹಾಕಿ: 200 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, ಒಂದರ ಮೇಲೊಂದು 50 ಮಿಲಿಮೀಟರ್ ಕೂರಬೇಕು, ತುದಿ ನೆಲ ಮುಟ್ಟಬೇಕು. ಥಂಡಿಗೆ ಗಡುಸಾಗದ ಪೋಲಾರ್ ಗ್ರೇಡ್ ಅಂತಲೇ ಕೇಳಿ. ಓಡಾಟಕ್ಕೆ ಅಡ್ಡ ಅಂತ ಎರಡು ಪಟ್ಟಿ ಮೇಲೆ ಕಟ್ಟಿಬಿಡ್ತಾರೆ; ಹಾಗೆ ಕಟ್ಟಿದರೆ ಪರದೆ ಇದ್ದೂ ಇಲ್ಲದಂತೆ. ಜಾಗ ಇದ್ದರೆ ಬಾಗಿಲ ಮುಂದೆ 6×6 ಅಡಿಯ ಒಂದು ಮುಂಗೋಣೆ ಇನ್ನೂ ಒಳ್ಳೇದು.

ಆರ್ಡರ್ ಕೊಡುವಾಗ ಹೇಳಬೇಕಾದದ್ದು ಇದು. ಒಂಟಿ ಹಲಗೆ, 80 ಮಿಲಿಮೀಟರ್ ಪಫ್, ಸಾಂದ್ರತೆ ಘನ ಮೀಟರಿಗೆ 40 ಕೆಜಿ, ಎರಡೂ ಬದಿ 0.5 ಮಿಲಿಮೀಟರ್ ಬಣ್ಣದ ಜಿಐ ತಗಡು. ತೆರವು 3.5×7 ಅಡಿ, ಹೆಗಲ ಮೇಲೆ ಚೀಲ ಹೊತ್ತವರಿಗೆ ಮೂರಡಿ ಸಾಲದು, ಅಂಚಿಗೆ ತಾಗಿ ತಾಗಿ ಗ್ಯಾಸ್ಕೆಟ್ ಹರೀತದೆ. ಚೌಕಟ್ಟಿನ ಕಬ್ಬಿಣ ಹೊರಗಿನಿಂದ ಒಳಗೆ ಒಂದೇ ತುಂಡಾಗಿ ಹೋಗಬಾರದು, ನಡುವೆ ಪಿವಿಸಿ ಅಥವಾ ಫೈಬರ್ ಪಟ್ಟಿ ಇರಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಚೌಕಟ್ಟು ಹೊರಗಡೆಯೂ ಬೆವರ್ತದೆ, ಆ ನೀರು ಹೊಸ್ತಿಲಿಗೆ ಇಳೀತದೆ. ಬಿಜಾಗರಿ ತೆರೆಯುವಾಗ ಬಾಗಿಲನ್ನ ಮೇಲಕ್ಕೆ ಎತ್ತುವ ಬಗೆಯದ್ದಿರಲಿ: ಕೆಳಗಿನ ರಬ್ಬರ್ ನೆಲಕ್ಕೆ ಉಜ್ಜಲ್ಲ, ಬಾಗಿಲು ತನ್ನ ಭಾರಕ್ಕೇ ಮುಚ್ಚಿಕೊಳ್ತದೆ. ಹೊರಗೆ ಬೀಗ ಹಾಕಿದ್ದರೂ ಒಳಗಿನಿಂದ ತಳ್ಳಿ ತೆರೆಯುವ ಗುಂಡಿ ಇರಲೇಬೇಕು. ಇದರಲ್ಲಿ ಚೌಕಾಸಿ ಬೇಡ, ಒಳಗೆ ಸಿಕ್ಕಿಕೊಂಡವರ ಜೀವದ ಮಾತು.

ಹೊಸ್ತಿಲನ್ನ ಎಲ್ಲರೂ ಮರೀತಾರೆ. ಒಳಗಿನ ಕಾಂಕ್ರೀಟ್ ಹೊರಗಿನ ಕಾಂಕ್ರೀಟಿಗೆ ಅಂಟಿಕೊಂಡಿದ್ದರೆ ಥಂಡಿ ಅದರೊಳಗೇ ಹರಿದು ಹೊರಗಿನ ನೆಲ ಒದ್ದೆ ಆಗ್ತದೆ. ಬಾಗಿಲ ಗೆರೆಯಲ್ಲಿ ಕಾಂಕ್ರೀಟನ್ನ ಪೂರ್ತಿ ಕತ್ತರಿಸಿ ಫೋಮ್ ಪಟ್ಟಿ ತುಂಬಿ, ಮೇಲೆ ಸಿಲಿಕಾನ್ ಹಾಕಿ. ಮೇಲೆ ಚೆಕ್ಕರ್ ತಗಡು ಹಾಸುವುದಿದ್ದರೆ ಅದೂ ಆ ಗೆರೆಯಲ್ಲಿ ತುಂಡಾಗಿರಲಿ. ನೆಲಕ್ಕೆ ಕೆಳಗೆ ಪಾಲಿಥೀನ್ ಹಾಳೆ, ಅದರ ಮೇಲೆ 50 ಮಿಲಿಮೀಟರಿನ ಎರಡು ಪದರ ಫೋಮ್ ಹಲಗೆ, ಮೇಲಿನ ಸಂದು ಕೆಳಗಿನ ಸಂದಿನ ಮೇಲೆ ಬರದಂತೆ, ಆಮೇಲೆ ಕಾಂಕ್ರೀಟ್. ಗೋಡೆಯ ಪಫ್ ಪ್ಯಾನೆಲ್ ಸಂದುಗಳಿಗೆ ಸಿಲಿಕಾನನ್ನ ಹೊರಗಡೆಯಿಂದ ಹಾಕಿಸಲೇಬೇಕು, ತೇವ ಬರೋದು ಆ ಕಡೆಯಿಂದ. ಒಳಗಡೆ ಮಾತ್ರ ನೀಟಾಗಿ ಎಳೆದು ಹೋದರೆ ನೀರು ಪ್ಯಾನೆಲ್ ಒಳಗೆ ಸೇರಿ ಫೋಮ್ ಕೆಡಿಸ್ತದೆ.

ನಿಮ್ಮದು ಎರೆಭೂಮಿ. ಬೇಸಿಗೆಗೆ ಬಿರುಕು ಬಿಡ್ತದೆ, ಮಳೆಗೆ ಉಬ್ತದೆ. ಚೌಕಟ್ಟು ಕೂದಲೆಳೆ ವಾಲಿದರೂ ಲ್ಯಾಚಿನ ಎದುರು ಮೂಲೆಯಲ್ಲಿ ಬೆಳಕು ಕಾಣ್ತದೆ. ಬಾಗಿಲ ಜಾಗದಲ್ಲಿ ಎರೆಮಣ್ಣು ತೆಗೆಸಿ ಗರಸು ತುಂಬಿ ದಮ್ಮಸ್ ಮಾಡಿಸಿ, ಸ್ಕ್ರೂ ತಿರುಗಿಸಿ ಸರಿಪಡಿಸುವಂಥ ಬಿಜಾಗರಿ ಹಾಕಿಸಿ. ಬಾಗಿಲು ಪಶ್ಚಿಮಕ್ಕೆ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ನಾಲ್ಕಡಿ ತಗಡಿನ ಚಪ್ಪರ ಇಳಿಸಿ. ಗ್ಯಾಸ್ಕೆಟ್ ಮೇಲೆ ಕೂರುವ ಧೂಳನ್ನ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಕೂತ ರಬ್ಬರ್ ಅಂಟಲ್ಲ.

ಕೂರಿಸಿದವರಿಗೆ ಕೊನೆಯ ಕಂತು ಕೊಡುವ ಮುಂಚೆ ಮೂರು ಪರೀಕ್ಷೆ ಮಾಡಿ. ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಹೊರಗೆ ಕತ್ತಲಲ್ಲಿ ನಿಂತು ನೋಡಿ, ಎಲ್ಲೂ ಬೆಳಕು ಕಾಣಬಾರದು. ಬಾಗಿಲಿಗೆ ಕಾಗದ ಸಿಕ್ಕಿಸಿ ಮುಚ್ಚಿ ಎಳೀರಿ, ಅಡಿಗೊಂದು ಕಡೆ. ಎಲ್ಲ ಕಡೆ ಬಿಗಿಯಾಗಿ ಬರಬೇಕು. ರೂಮ್ 5 ಡಿಗ್ರಿಗೆ ಇಳಿದ ಮೇಲೆ ಫ್ಯಾನ್ ನಿಲ್ಲಿಸಿ, ಹೊರಗಿನಿಂದ ಊದಿನಕಡ್ಡಿ ಹಿಡಿದು ಸುತ್ತ ಒಮ್ಮೆ ಬನ್ನಿ. ಕೆಳಗಡೆ ಗಾಳಿ ಹೊಗೆಯನ್ನ ಆಚೆಗೆ ತಳ್ಳಿದರೆ, ಮೇಲ್ಗಡೆ ಒಳಕ್ಕೆ ಎಳೆದರೆ ಅಲ್ಲಿ ಸೋರ್ತಿದೆ.

8 ಅಡಿ ತೆರವು ಈಗಾಗಲೇ ಬಿಟ್ಟಾಗಿದ್ದರೆ ಒಡೆಯೋದೇನೂ ಬೇಡ. ಉಳಿದ ಜಾಗಕ್ಕೆ ಗೋಡೆಯಷ್ಟೇ ದಪ್ಪದ ಪಫ್ ಪ್ಯಾನೆಲ್ ಕೂರಿಸಿ ಎರಡೂ ಬದಿ ಸಿಲಿಕಾನ್ ಎಳೆಸಿ, ಬಾಗಿಲನ್ನ ಒಂದು ಪಕ್ಕಕ್ಕೆ ಇಡಿ. ನಾವೂ ಕಡೆಗೆ ಅದನ್ನೇ ಮಾಡಿದ್ದು; ಆ ಗ್ಯಾರೇಜ್ ಬಾಗಿಲು ಈಗ ಟ್ರ್ಯಾಕ್ಟರ್ ಶೆಡ್ಡಿಗಿದೆ, ಅಲ್ಲಿ ಚೆನ್ನಾಗೇ ಕೆಲಸ ಮಾಡ್ತದೆ.