ಗಿರಿರಾಜ ಕಾವಿಗೆ ಕೂರ್ತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ನಾಟಿ ಕೋಳಿ ಜೊತೆ ಗಿರಿರಾಜ, ಕಡಕ್‌ನಾಥ್ ಸಾಕಿದೀನಿ ಸಾರ್. ಗಿರಿರಾಜ ಮೊಟ್ಟೆ ಇಡುತ್ತೆ, ಕಾವಿಗೆ ಮಾತ್ರ ಕೂರಲ್ಲ. ಮರಿ ಮಾಡ್ಸೋದು ಹೆಂಗೆ?
– ಓದುಗರು, ಮದ್ದೂರು

ಉತ್ತರ: ಅದು ಕೂರೋದೇ ಅಪರೂಪ, ಕಾಯ್ಬೇಡಿ. ಕಾವಿಗೆ ಬಂದಿರೋ ನಾಟಿ ಹ್ಯಾಟೆ ಇದ್ರೆ ಮಂಕ್ರಿಗೆ ಹುಲ್ಲು ಹಾಸಿ ಅದರಡಿಗೇ ಇಡಿ, ಆದ್ರೆ ಗಿರಿರಾಜ ಮೊಟ್ಟೆ ದಪ್ಪ, ಹತ್ತರೊಳಗೇ ಇರ್ಲಿ, ಜಾಸ್ತಿ ತುಂಬಿದ್ರೆ ಅಂಚಿನವಕ್ಕೆ ಶಾಖ ತಾಗಲ್ಲ. ವಾರಕ್ಕಿಂತ ಹಳೇ ಮೊಟ್ಟೆ ಬೇಡ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿ, ಜೇಡನ ಕಾಲಿನಂಗೆ ಕೆಂಪು ನರ ಕಂಡ್ರೆ ಜೀವ ಐತೆ, ಖಾಲಿ ಕಂಡಿದ್ದನ್ನ ತೆಗೀರಿ. ಯಾವ ತಳಿ ಆದ್ರೂ ಸುಮಾರು 21 ದಿನ.

ಇನ್ನೊಂದ್ವಿಷ್ಯ, ಮೂರೂ ಒಟ್ಟಿಗೆ ಮೇಯ್ತಿದ್ರೆ ಯಾವ ಹುಂಜ ಮೆಟ್ಟಿದ್ದೋ ಗೊತ್ತಾಗಲ್ಲ. ಅಸಲಿ ಕಡಕ್‌ನಾಥ್ ಮರಿ ಬೇಕಂದ್ರೆ ಆ ಹುಂಜ, ಹ್ಯಾಟೇನ ಬೇರೆ ಕೂಡಿ, ಮೂರು ವಾರ ಬಿಟ್ಟು ಕಾವಿನ ಮೊಟ್ಟೆ ಎತ್ತಿಡಿ, ಅಲ್ಲಿಗಂಟ ಬಂದಿದ್ದನ್ನ ಆಮ್ಲೆಟ್ ಹಾಕ್ಕೊಳಿ.