ಅರ್ಥ ಗೊತ್ತಿದ್ದರೂ ಇಂಗ್ಲಿಷ್ ನುಡಿಗಟ್ಟು ಕೈಕೊಡುವುದೇಕೆ?

ಪ್ರಶ್ನೆ: ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥಸಮೇತ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೇನೆ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು ಎಂದು ಓದಿದ್ದರಿಂದ, ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಸಂತಾಪದ ಇಮೇಲ್‌ನಲ್ಲಿ ಅದನ್ನೇ ಬರೆದೆ. ಅವರು ತುಂಬಾ ನೊಂದುಕೊಂಡರು. ಅರ್ಥ ಸರಿಯಾಗಿಯೇ ಇತ್ತಲ್ಲವೇ? ಪ್ರತಿ ನುಡಿಗಟ್ಟಿನ ಹಿಂದಿನ ಕಥೆ ತಿಳಿದುಕೊಂಡರೆ ಇಂಥ ತಪ್ಪು ಆಗುವುದಿಲ್ಲವೇ?

ಉತ್ತರ: ಮೊದಲು ಆ ಸಹೋದ್ಯೋಗಿಯ ಹತ್ತಿರ ಹೋಗಿ ಕ್ಷಮೆ ಕೇಳಿ. ಆ ಮಾತಿನ ಧಾಟಿ ತಿಳಿದಿರಲಿಲ್ಲ ಎಂದು ನೇರವಾಗಿ ಹೇಳಿ.

ನಿಮ್ಮ ಪಟ್ಟಿ ಸುಳ್ಳು ಹೇಳಿಲ್ಲ, ಅರ್ಧ ಮಾತ್ರ ಹೇಳಿದೆ. ಕನ್ನಡದಲ್ಲಿ ‘ಗೊಟಕ್ ಅಂದ’ ಎಂದರೂ ಸತ್ತ ಎಂದೇ ಅರ್ಥ. ಹಾಗೆಂದು ಸಾವಿನ ಮನೆಯಲ್ಲಿ ಯಾರಾದರೂ ಆಡುವ ಮಾತೇ ಅದು? ‘ಕಿಕ್ ದ ಬಕೆಟ್’ ಕೂಡ ಅದೇ ಜಾತಿಯದು, ಹಗುರವಾಗಿ ಆಡುವ ಮಾತು. ದುಃಖದಲ್ಲಿರುವವರ ಮುಂದೆ ಇಂಗ್ಲಿಷಿನವರು ‘ಪಾಸ್ಡ್ ಅವೇ’ ಎನ್ನುತ್ತಾರೆ. ಹಾಗೆಯೇ ಮೈ ಸರಿಯಿಲ್ಲ ಎನ್ನುವ ‘ಅಂಡರ್ ದ ವೆದರ್’ ನೆಗಡಿ, ಮೈಕೈ ನೋವಿಗೆ ಸರಿ. ದೊಡ್ಡ ಕಾಯಿಲೆಗೆ ಬಳಸಿದರೆ ನೋವನ್ನು ಹಗುರ ಮಾಡಿದಂತಾಗುತ್ತದೆ. ಹಾಗಾಗಿ ಅರ್ಥದ ಪಕ್ಕದಲ್ಲಿ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುವ ಮಾತು ಎಂಬುದನ್ನೂ ಬರೆದುಕೊಳ್ಳಿ. ನೀವೇ ಎಲ್ಲಾದರೂ ಓದಿದ ಒಂದು ಪೂರ್ಣ ವಾಕ್ಯ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಇನ್ನು ಮೂಲದ ಕಥೆಗಳು. ಅವುಗಳಲ್ಲಿ ಬಹಳಷ್ಟು ನಂಬಲು ಯೋಗ್ಯವಲ್ಲ. ಹುಲ್ಲಿನ ಚಾವಣಿಯಲ್ಲಿ ಮಲಗುತ್ತಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದರಿಂದಲೇ ಜೋರು ಮಳೆಗೆ ಹೇಳುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಂತು ಎಂಬ ಕಥೆ 1999ರ ಸುಮಾರಿಗೆ ಇಮೇಲ್‌ಗಳಲ್ಲಿ ಹಬ್ಬಿತು. ಅದಕ್ಕೆ ಆಧಾರವೇ ಇಲ್ಲ. ‘ಬಕೆಟ್’ ಕಥೆಯೂ ಇತ್ಯರ್ಥವಾಗಿಲ್ಲ. ಕಡಿದ ಹಂದಿಯನ್ನು ತೂಗುಹಾಕುತ್ತಿದ್ದ ತೊಲೆಗೆ ಆ ಹೆಸರಿತ್ತು ಎನ್ನುವವರಿದ್ದಾರೆ. ಅದು ಗೊತ್ತಿದ್ದರೂ ನಿಮ್ಮ ಇಮೇಲ್ ಬದಲಾಗುತ್ತಿರಲಿಲ್ಲ. ಆದರೆ ಕೆಲವು ಕಥೆಗಳು ಅರ್ಥದ ಮೊನೆಯನ್ನು ತೋರಿಸುತ್ತವೆ. 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಿರಿ ಎಂಬ ಸಂಕೇತ ಬಂದಾಗ, ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ತನ್ನ ದೃಷ್ಟಿಯಿಲ್ಲದ ಕಣ್ಣಿಗೆ ದುರ್ಬೀನು ಹಿಡಿದು ತನಗೇನೂ ಕಾಣುತ್ತಿಲ್ಲ ಎಂದನಂತೆ. ‘ಟರ್ನ್ ಎ ಬ್ಲೈಂಡ್ ಐ’ ಅಲ್ಲೇ ಹುಟ್ಟಿತೋ ಇಲ್ಲವೋ, ಅದು ಬೇಕೆಂದೇ ಕಾಣದಂತಿರುವುದು ಎಂದು ಆ ಕಥೆ ಕೇಳಿದವರು ಮರೆಯುವುದಿಲ್ಲ.

ನುಡಿಗಟ್ಟಿನ ಮೈಕಟ್ಟನ್ನೂ ಗಮನಿಸಿ. ಸುದ್ದಿ ಓದುವಾಗ ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಸ್ಪಿಲ್ ದ ಬೀನ್ಸ್’ ಎಂದರೆ ಗುಟ್ಟು ಹೊರಹಾಕುವುದು. ಇಲ್ಲಿ ‘ಸ್ಪಿಲ್’ ಹೊರಹಾಕುವುದಕ್ಕೆ, ‘ಬೀನ್ಸ್’ ಗುಟ್ಟಿಗೆ ಹೊಂದುತ್ತದೆ. ಹಾಗಾಗಿ ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿ ಬರೆದರೂ ಅರ್ಥ ಉಳಿಯುತ್ತದೆ. ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಮಾತ್ರ ಯಾರೋ ನಿಜವಾದ ಬಕೆಟ್ಟಿಗೆ ಒದ್ದಂತೆ ಕೇಳುತ್ತದೆ. ಸಾವಿನ ಅರ್ಥ ಅಲ್ಲಿ ಬಿಡಿಬಿಡಿಯಾಗಿ ಹಂಚಿಹೋಗಿಲ್ಲ. ಈ ವ್ಯತ್ಯಾಸವನ್ನು ನನ್‌ಬರ್ಗ್, ಸ್ಯಾಗ್, ವಾಸೊ ಎಂಬ ಭಾಷಾವಿಜ್ಞಾನಿಗಳು 1994ರ ಪ್ರಬಂಧವೊಂದರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಬಿಡಿಸಲು ಬರುವ ನುಡಿಗಟ್ಟುಗಳು ವಾಕ್ಯದಲ್ಲಿ ರೂಪ ಬದಲಿಸಿ, ಹಿಂದುಮುಂದಾಗಿ ಬರುತ್ತವೆ; ಪಟ್ಟಿಯಲ್ಲಿದ್ದ ರೂಪವನ್ನೇ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಕನ್ನಡದಂತೆಯೇ ಕಾಣುವ ನುಡಿಗಟ್ಟುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ‘ಪುಲ್ ಸಮ್‌ವನ್ಸ್ ಲೆಗ್’ ಎಂದರೆ ತಮಾಷೆಗೆ ಸುಳ್ಳು ಹೇಳಿ ನಂಬಿಸುವುದು. ಮೇಲೇರುವವರನ್ನು ಕೆಳಗೆ ಬೀಳಿಸುವುದಕ್ಕೂ ನಾವು ‘ಕಾಲೆಳೆಯುವುದು’ ಎನ್ನುತ್ತೇವೆ. ಆ ಹಗೆತನ ಇಂಗ್ಲಿಷಿನ ಮಾತಿನಲ್ಲಿಲ್ಲ.

ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲದ ಕಡೆಗಳೂ ಇವೆ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟನ್‌ನಲ್ಲಿ ಚರ್ಚೆಗೆ ತರೋಣ ಎಂದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಇದೇ ಪದಕ್ಕೆ ಬಹಳ ಹೊತ್ತು ವಾದಿಸಿದ್ದನ್ನು ಚರ್ಚಿಲ್ ದಾಖಲಿಸಿದ್ದಾರೆ. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಿದ್ದದ್ದು ಒಂದೇ. ಎರಡೂ ಕಡೆಯವರಿರುವ ಸಭೆಯಲ್ಲಿ ಈ ಪದ ಕೇಳಿಬಂದರೆ, ಈಗಲೇ ಚರ್ಚಿಸೋಣವೇ ಅಥವಾ ಆಮೇಲೆಯೇ ಎಂದು ಸಂಕೋಚವಿಲ್ಲದೆ ಕೇಳಿಬಿಡಿ.